ಶಿರೋಳದ ಪಿಕಪ್ಪಿಗೆ ಮಾಡಿದ ಎರಡನೆಯ ಸೈಲೆನ್ಸರ್

2022ರ ಜೂನ್ 21, ಮಂಗಳವಾರ, ಸಂಜೆ ಆರು ಗಂಟೆ ಹತ್ತು ನಿಮಿಷಕ್ಕೆ ನರಗುಂದ ತಾಲೂಕಿನ ಶಿರೋಳದ ಒಂದು ಮನೆಯ ಅಂಗಳಕ್ಕೆ ಪಿಕಪ್ ಗಾಡಿಯೊಂದು ಬಂದು ನಿಂತ ಸದ್ದನ್ನು ನಾಲ್ಕು ಜನ ಕೇಳಿದರು. ನಾಲ್ವರಲ್ಲಿ ನಾನೊಬ್ಬ. ಅಂಗಳದಲ್ಲಿ ಗಾಡಿ ಇರಲಿಲ್ಲ. ಆ ಸದ್ದು ಯಾವ ಗಾಡಿಯದೋ ಆ ಗಾಡಿ ಅದೇ ಹೊತ್ತಿಗೆ ರೋಣದ ನನ್ನ ಅಂಗಡಿಯೊಳಗೆ, ಸೈಲೆನ್ಸರ್ ಬಿಚ್ಚಿದ ಸ್ಥಿತಿಯಲ್ಲಿ ನಿಂತಿತ್ತು. ಅಂಗಡಿಯ ಕೀಲಿಕೈ ನನ್ನ ಜೇಬಿನಲ್ಲಿತ್ತು.

ನಾನು ಸೈಲೆನ್ಸರ್ ಮಿಸ್ತ್ರಿಯಾಗಿದ್ದೆ. ಈಗ ಅಂಗಡಿ ಮುಚ್ಚಿದ್ದೇನೆ. ಈ ಕೆಲಸಕ್ಕೆ ಹೊಸದಾಗಿ ಬರುವ ಹುಡುಗರು ಆಗಾಗ ಮನೆಗೆ ಬಂದು, ಪಿಕಪ್ಪಿಗೆ ಕಂಪನಿಯದು ಬಿಟ್ಟು ಹೊರಗಿನ ಸೈಲೆನ್ಸರ್ ಹಾಕಿಸುವವರಿಗೆ ಏನು ಹೇಳಬೇಕು ಎಂದು ಕೇಳುತ್ತಾರೆ. ಪೈಪಿನ ಅಳತೆಯನ್ನು ಯಾರು ಬೇಕಾದರೂ ಹೇಳಿಕೊಟ್ಟಾರು. ಅಳತೆಯಲ್ಲಿ ಇಲ್ಲದ ಸಂಗತಿಗಳನ್ನು ಇಲ್ಲಿ ಬರೆದಿಡುತ್ತೇನೆ. ನಾನು ಕಂಡದ್ದು, ನಾನು ಕೇಳಿದ್ದು, ಇನ್ನೊಬ್ಬರು ನನಗೆ ಹೇಳಿದ್ದು, ಈ ಮೂರನ್ನೂ ಕಲಸದೆ ಬರೆಯಲು ಪ್ರಯತ್ನಿಸಿದ್ದೇನೆ.

ನಾನು ಹುಟ್ಟಿದ್ದು ಗಜೇಂದ್ರಗಡದಲ್ಲಿ. ಅಪ್ಪ ಮಗ್ಗ ರಿಪೇರಿ ಮಾಡುವ ಬಡಿಗ. ನೇಕಾರರ ಓಣಿಯಲ್ಲಿ ನಡೆಯುತ್ತ, ಒಳಗೆ ಇಣುಕದೆಯೇ, ಯಾರ ಮಗ್ಗದ ಯಾವ ಹಲಗೆ ಸಡಿಲಾಗಿದೆ ಎಂದು ಹೇಳುತ್ತಿದ್ದರು. ನನಗೂ ಕಿವಿ ಹಾಗೆಯೇ ಪಳಗಿತು. ಬಸ್ ನಿಲ್ದಾಣದ ಹಿಂದೆ ಲಾರಿ ಸೈಲೆನ್ಸರ್ ಬೆಸುಗೆ ಹಾಕುತ್ತಿದ್ದ ಖಾಜಾ ಉಸ್ತಾದರ ಕೈಕೆಳಗೆ ಸೇರಿದಾಗ ಅವರು ಮೊದಲು ಕೇಳಿದ್ದು ನನ್ನ ಹೆಸರನ್ನಲ್ಲ. ಎದುರಿಗೆ ನಿಂತ ಲಾರಿಯನ್ನು ಚಾಲೂ ಮಾಡಿಸಿ, "ಎಷ್ಟನೇ ಸಿಲಿಂಡರ್ ಅಳಾಕ್ಹತ್ತೈತಿ ಹೇಳು" ಎಂದರು. ನಾನು ಮೂರನೆಯದು ಎಂದೆ. ಎರಡನೆಯದಾಗಿತ್ತು. "ಅಳೋದು ಗೊತ್ತಾತಲ್ಲ, ಸಾಕು. ಯಾರು ಅನ್ನೋದು ಆಮೇಲೆ ಕಲಿ" ಎಂದು ಒಳಗೆ ಕರೆದುಕೊಂಡರು.

ಆಗ ಪೈಪ್ ಬಗ್ಗಿಸುವ ಯಂತ್ರ ಇರಲಿಲ್ಲ. ಒಣಗಿದ ಮರಳನ್ನು ಪೈಪಿನೊಳಗೆ ತುಂಬಿ, ಎರಡೂ ಬಾಯಿಗೆ ಕಟ್ಟಿಗೆಯ ಬಿರಡೆ ಬಡಿದು, ಕೆಂಪಗೆ ಕಾಯಿಸಿ ಬಗ್ಗಿಸುತ್ತಿದ್ದೆವು. ಮರಳಿನಲ್ಲಿ ತೇವವಿದ್ದರೆ ಬಿರಡೆ ಗುಂಡಿನಂತೆ ಹಾರುತ್ತಿತ್ತು. ನನ್ನ ಎಡಗಿವಿಯ ಮೇಲಿನ ಗಾಯ ಅದರದ್ದೇ. ಈಗ ಯಂತ್ರ ಅರ್ಧ ನಿಮಿಷದಲ್ಲಿ ಬಗ್ಗಿಸುತ್ತದೆ. ಒಳ್ಳೆಯದೇ. ಆದರೆ ಸೋರಿಕೆ ಹುಡುಕುವ ರೀತಿ ಮಾತ್ರ ಇವತ್ತಿಗೂ ಉಸ್ತಾದರದ್ದೇ: ಎಂಜಿನ್ ಚಾಲೂ ಇಟ್ಟು, ಹಸಿ ಗೋಣಿಚೀಲ ಸುತ್ತಿದ ಅಂಗೈಯಿಂದ ಹಿಂದಿನ ಬಾಯಿ ಮುಚ್ಚಬೇಕು. ಗಟ್ಟಿ ಇದ್ದರೆ ಒತ್ತಡ ಕೈಯನ್ನು ದೂಡುತ್ತದೆ. ಎಲ್ಲಾದರೂ ಸೋರಿದರೆ ಗಾಡಿಯ ಹೊಟ್ಟೆಯ ಕೆಳಗೆ ಸಿಳ್ಳೆ ಕೇಳುತ್ತದೆ. "ಸೈಲೆನ್ಸರ್ ಅಂದ್ರ ಬಾಯಿ ಮುಚ್ಚಸೋದಲ್ಲಲೇ, ಉಸಿರ ಬಿಡಸೋದು" ಎನ್ನುತ್ತಿದ್ದರು.

ರೋಣದಲ್ಲಿ ಸ್ವಂತ ಅಂಗಡಿ ಹಾಕಿದ ಮೇಲೆ ಮಾಡಿದ ಮೊದಲ ದೊಡ್ಡ ತಪ್ಪನ್ನು ಇಲ್ಲೇ ಹೇಳಿಬಿಡುತ್ತೇನೆ. ಕೊಣ್ಣೂರಿನ ಒಬ್ಬರು ತಮ್ಮ ಪಿಕಪ್ಪಿನ ಹಿಂದಿನ ಪೈಪು ಹೊಲದ ಬದುವಿಗೆ ತಾಗುತ್ತದೆಂದು ಬಂದರು. ನಾನು ಪೈಪನ್ನು ಮೊಳದುದ್ದ ಕತ್ತರಿಸಿ, ಬಾಯಿ ಹಿಂದಿನ ಹಲಗೆಯ ಕೆಳಗೇ ಬರುವಂತೆ ಮಾಡಿದೆ. ನೋಡಲು ಚೆನ್ನಾಗಿತ್ತು. ಹತ್ತು ದಿನದ ಮೇಲೆ ಮೆಣಸಿನಕಾಯಿ ಬಿಡಿಸಲು ಹೋಗಿದ್ದ ನಾಲ್ಕು ಹೆಣ್ಣುಮಕ್ಕಳು ಮಳೆ ಬಂತೆಂದು ಹಿಂದೆ ತಾಡಪಾಲಿನೊಳಗೆ ಕುಳಿತು ಊರಿಗೆ ಬಂದರು. ಗಾಡಿ ನಿಂತಾಗ ಯಾರೂ ಇಳಿಯಲಿಲ್ಲ. ತಾಡಪಾಲು ಎತ್ತಿ ನೋಡಿದರೆ ಮೂವರು ಒಬ್ಬರ ಮೇಲೊಬ್ಬರು ಒರಗಿ ಮಲಗಿದ್ದರು. ನಾಲ್ಕನೆಯವಳು ಕಣ್ಣು ತೆರೆದುಕೊಂಡು ಎದುರಿನ ಖಾಲಿ ಮೂಲೆಯ ಜೊತೆ ಮಾತಾಡುತ್ತಿದ್ದಳು. ತೀರಿಹೋದ ಅಕ್ಕ ಅಲ್ಲಿ ಕುಳಿತಿದ್ದಾಳೆ, ಜಾಗ ಬಿಡಿ ಎನ್ನುತ್ತಿದ್ದಳಂತೆ. ಇದು ನನಗೆ ಇನ್ನೊಬ್ಬರು ಹೇಳಿದ್ದು. ನಾಲ್ವರೂ ಬದುಕಿದರು. ಊರಲ್ಲಿ ಗಾಳಿ ಸೋಂಕಿತು ಎಂದರು. ಸೋಂಕಿದ್ದು ನಾನು ಕತ್ತರಿಸಿದ ಪೈಪಿನ ಹೊಗೆ. ಎಂಜಿನ್ನಿನ ಹೊಗೆಯಲ್ಲಿ ಬಣ್ಣವಿಲ್ಲದ, ವಾಸನೆಯಿಲ್ಲದ ವಿಷವೂ ಇರುತ್ತದೆ. ಮೊದಲು ತಲೆನೋವು, ಆಮೇಲೆ ನಿದ್ದೆ. ಕೆಲವರಿಗೆ ಇಲ್ಲದ್ದೆಲ್ಲ ಕಾಣುತ್ತದೆ, ಕೇಳುತ್ತದೆ. ನಾನು ಕೊಣ್ಣೂರಿಗೆ ಹೋಗಿ ಗಾಡಿಯ ಕೆಳಗೆ ಮಲಗಿ ಪೈಪನ್ನು ಮತ್ತೆ ಉದ್ದ ಮಾಡಿ ಬಂದೆ. ಆ ಹೆಣ್ಣುಮಗಳು ನೀರು ತಂದುಕೊಟ್ಟು, "ಅಕ್ಕ ಇನ್ನೊಂದೀಟು ಹೊತ್ತು ಕುಂತಿದ್ರ ಚಲೋ ಇತ್ರಿ" ಎಂದಳು.

ಅಂದಿನಿಂದ ಬಂದವರಿಗೆಲ್ಲ ಮೊದಲು ಒಂದೇ ಪ್ರಶ್ನೆ: ಹಿಂದೆ ಯಾರು ಕುಳಿತುಕೊಳ್ಳುತ್ತಾರೆ? ಬಾಯಿ ಹಲಗೆಯನ್ನು ದಾಟಿ ಹೊರಗೆ ಬರಲೇಬೇಕು. ಎರಡನೆಯದು, ಯಾವ ದಾರಿಯಲ್ಲಿ ಓಡುತ್ತದೆ? ನಮ್ಮ ಕಡೆಯ ಎರೆಮಣ್ಣು ಡಬ್ಬಿಗೆ ಮೆತ್ತಿಕೊಂಡರೆ ಬೇಸಿಗೆಯವರೆಗೆ ಬಿಡುವುದಿಲ್ಲ. ಒಳಗಿನಿಂದ ನೀರು, ಹೊರಗಿನಿಂದ ಮಣ್ಣು, ನಡುವೆ ತಗಡು ಕೊಳೆಯುತ್ತದೆ. ದಪ್ಪ ತಗಡನ್ನೇ ಆರಿಸಿ. ಮೂರನೆಯದು, ಎಂಜಿನ್ ಯಾವ ವರ್ಷದ್ದು? ಹೊಸ ಗಾಡಿಗಳಲ್ಲಿ ಹೊಗೆ ಸೋಸುವ ಡಬ್ಬಿ, ಅದಕ್ಕೆ ಕಟ್ಟಿದ ತಂತಿಗಳು ಇರುತ್ತವೆ. ಅದನ್ನು ಕತ್ತರಿಸಿಕೊಡಿ ಎನ್ನುವವರು ಬರುತ್ತಾರೆ. ಕಳಿಸಿಬಿಡಿ. ಸದ್ದು ದೊಡ್ಡದು ಬೇಕು ಎನ್ನುವವರೂ ಬರುತ್ತಾರೆ. ನರಗುಂದದ ಒಬ್ಬ ಹೊಸ ಮದುಮಗ, ಗಾಡಿ ಗುಡುಗಬೇಕೆಂದು ಹಟ ಹಿಡಿದು ಒಳಗೇನೂ ಇಲ್ಲದ ನೇರ ಪೈಪು ಹಾಕಿಸಿಕೊಂಡು ಹೋದ. ಎಂಟು ದಿನಕ್ಕೆ ತಿರುಗಿ ಬಂದ. "ಮಾವನ ಎತ್ತು ಹಗ್ಗ ಹರಕೊಂಡು ಹೋದ್ವು ಮಿಸ್ತ್ರಿ. ಮಾವ ಈಗ ಎತ್ತಿನ ಜಾಗಾದಾಗ ನನ್ನ ಕಟ್ಟತೀನಿ ಅನ್ನಾಕ್ಹತ್ಯಾನ" ಎಂದ.

ಇನ್ನೊಂದು ಪ್ರಶ್ನೆ ನಾನೇ ಸೇರಿಸಿಕೊಂಡದ್ದು: ಮನೆಯಲ್ಲಿ ಸದ್ದು ಕೇಳುವವರು ಯಾರು? ನಮ್ಮ ಊರುಗಳಲ್ಲಿ ಗಾಡಿ ಊರಿನ ತಿರುವಿಗೆ ಬಂದಾಗಲೇ ಮನೆಯವರಿಗೆ ಗೊತ್ತಾಗುತ್ತದೆ. ಆ ಸದ್ದು ಕೇಳಿದ ಮೇಲೆಯೇ ಒಲೆಗೆ ಹಂಚು ಇಟ್ಟು ರೊಟ್ಟಿ ಬಡಿಯುವ ಮನೆಗಳಿವೆ. ಹೀಗಾಗಿ ಸೈಲೆನ್ಸರ್ ಆರಿಸುವಾಗ, ಮನೆಯವರನ್ನೂ ಒಮ್ಮೆ ಕರೆತನ್ನಿ ಎನ್ನುತ್ತಿದ್ದೆ.

ಶಿರೋಳದ ಹನಮಪ್ಪ ತನ್ನ ತಾಯಿಯನ್ನು ಕರೆತಂದಿದ್ದ. ನೀಲವ್ವ ಎಂದು ಹೆಸರು. ಬಹಳ ವರ್ಷದಿಂದ ಕಣ್ಣು ಕಾಣುತ್ತಿರಲಿಲ್ಲ. ಹನಮಪ್ಪನ ಪಿಕಪ್ಪು ಉಳ್ಳಾಗಡ್ಡಿ, ಮೆಣಸಿನಕಾಯಿ ಹೇರಿಕೊಂಡು ಗಜೇಂದ್ರಗಡದ ಸಂತೆಗೆ ಹೋಗಿ ಬರುತ್ತಿತ್ತು. ಕಂಪನಿಯ ಸೈಲೆನ್ಸರ್ ಕೊಳೆತಿದ್ದರಿಂದ ನಾನೇ ಒಂದು ಡಬ್ಬಿ ಮಾಡಿದೆ. ಡಬ್ಬಿಯೊಳಗೆ ಎರಡು ಅಡ್ಡ ತಟ್ಟೆ ಇರುತ್ತವೆ. ಹೊಗೆ ಅವುಗಳ ತೂತುಗಳಲ್ಲಿ ತಿರುಗಿ ತಿರುಗಿ ಸದ್ದು ಕಳೆದುಕೊಳ್ಳುತ್ತದೆ. ಆ ದಿನ ಎರಡನೆಯ ತಟ್ಟೆಯನ್ನು ನಾನು ಹಿಂದುಮುಂದಾಗಿ ಬೆಸೆದುಬಿಟ್ಟಿದ್ದೆ. ಚಾಲೂ ಮಾಡಿದ ಮೇಲೆ ತಿಳಿಯಿತು. ಓಡುವಾಗ ಏನಿಲ್ಲ. ಎರಡನೇ ಗೇರಿನಲ್ಲಿ ಕಾಲು ಎತ್ತಿದರೆ ಎರಡು ಸಲ ಧಬ್ ಧಬ್ ಎನ್ನುತ್ತಿತ್ತು. ಬಂದ್ ಮಾಡಿದರೆ, ತಲೆಯ ಮೇಲಿನ ಹೊರೆ ಇಳಿಸಿದ ಮನುಷ್ಯನಂತೆ ಒಂದು ಉದ್ದ ಉಸಿರು ಬಿಡುತ್ತಿತ್ತು.

"ತಪ್ಪಾಗೇತಿ. ನಾಳೆ ಕೊಯ್ದು ಸರಿ ಮಾಡಿಕೊಡ್ತೀನಿ" ಎಂದೆ.

ನೀಲವ್ವ ಅಂಗಡಿಯ ಬಾಗಿಲಲ್ಲಿ ಕುಳಿತಿದ್ದವಳು, "ಏನೂ ಮಾಡಬ್ಯಾಡೋ ಸಾಬಾ. ಹಿಂಗ ಉಸರ ಬಿಡೋ ಗಾಡಿ ಊರಾಗ ಇನ್ನೊಂದಿಲ್ಲ" ಎಂದಳು.

ಹನಮಪ್ಪ ನಕ್ಕ. "ಇರಲಿ ಬಿಡ್ರಿ ಮಿಸ್ತ್ರಿ. ನಮ್ಮವ್ವ ಸಾವಿರ ಗಾಡ್ಯಾಗ ನನ್ನ ಗಾಡಿ ಹಿಡೀತಾಳ."

ಐದು ವರ್ಷ ಆ ಸೈಲೆನ್ಸರ್ ಓಡಿತು. 2022ರ ಯುಗಾದಿಗೆ ಎರಡು ವಾರ ಮೊದಲು, ಕೊಣ್ಣೂರಿನ ಹೊಳೆಯ ಈಚೆಗೆ ಮುಂದಿನ ಟೈರು ಸಿಡಿದು ಹನಮಪ್ಪನ ಪಿಕಪ್ಪು ರಸ್ತೆ ಬಿಟ್ಟು ಇಳಿಯಿತು. ಹನಮಪ್ಪ ಅಲ್ಲಿಯೇ ತೀರಿದ. ಸುದ್ದಿ ಬಂದಾಗ ನನಗೆ ಮೊದಲು ನೆನಪಾದದ್ದು ತಾಡಪಾಲಿನೊಳಗೆ ಮಲಗಿದ್ದ ಹೆಣ್ಣುಮಕ್ಕಳು. ಹೊಗೆ ಒಳಗೆ ಸೇರಿ ನಿದ್ದೆ ಬಂದಿತ್ತೇ? ಗಾಡಿಯನ್ನು ಎಳೆದು ತಂದು ಹಾಕಿದ್ದ ಗುಜರಿಗೆ ಹೋಗಿ ಕೆಳಗೆ ಹೊಕ್ಕು ನೋಡಿದೆ. ಜೋಡಣೆಗಳ ಸುತ್ತ ಮಸಿ ಸೋರಿದ ಗುರುತು ಇರಲಿಲ್ಲ. ಸೈಲೆನ್ಸರ್ ಡಬ್ಬಿ ಕಲ್ಲಿಗೂ ಚಾಸಿಗೂ ನಡುವೆ ಸಿಕ್ಕು ರೊಟ್ಟಿಯಂತೆ ಚಪ್ಪಟೆಯಾಗಿತ್ತು.

ತಿಂಗಳಾದ ಮೇಲೆ ಹನಮಪ್ಪನ ತಮ್ಮ ಯಲ್ಲಪ್ಪ ಒಂದು ಪಿಕಪ್ಪು ತಂದು ನನ್ನ ಅಂಗಡಿಯ ಮುಂದೆ ನಿಲ್ಲಿಸಿದ. ಸೆಕೆಂಡ್ ಹ್ಯಾಂಡ್ ಗಾಡಿ. ಅಣ್ಣನದೇ ಮಾದರಿ, ಅದೇ ಎಂಜಿನ್.

"ಇದಕ್ಕ ಅಣ್ಣನ ಗಾಡಿ ಸದ್ದ ಬರಬೇಕ್ರಿ ಮಿಸ್ತ್ರಿಯವರ" ಎಂದ.

ಅಣ್ಣ ಸತ್ತಾಗ ತಾಯಿ ಎದೆಯ ಕಾಯಿಲೆಗೆ ದವಾಖಾನೆಯಲ್ಲಿದ್ದಳಂತೆ. ಸುದ್ದಿ ಹೇಳಬೇಡಿ, ತಡೆಯಲಾರಳು ಎಂದು ಡಾಕ್ಟರು ಹೇಳಿದ್ದರಂತೆ. ಅವಳಿಲ್ಲದಾಗಲೇ ಹೊಲದಲ್ಲಿ ಮಣ್ಣು ಮಾಡಿದ್ದರು. ಮನೆಗೆ ಬಂದ ಮೇಲೆ, ಅಣ್ಣ ದೂರದ ಬಾಡಿಗೆಗೆ ಹೋಗಿದ್ದಾನೆ ಎಂದರು. ಓಣಿಯವರಿಗೂ ಹೇಳಿಟ್ಟರು. ಓಣಿಯೂ ಒಪ್ಪಿತು. ಆದರೆ ನೀಲವ್ವ ಸಂಜೆಯ ಊಟ ಬಿಟ್ಟಿದ್ದಳು.

"ಗಾಡಿ ಸದ್ದ ಕೇಳದ ಹ್ಯಾಂಗ ಉಣ್ಣಲಿ ಅಂತಾಳ್ರಿ. ಹತ್ತ ದಿನ ಆತು, ಬರೇ ಹಾಲು. ಹಿಂಗಾದ್ರ ಉಳಿಯಂಗಿಲ್ಲ" ಎಂದ ಯಲ್ಲಪ್ಪ.

"ಬರೇ ಸದ್ದ ಬಂದ್ರ ಸಾಕೇನಪಾ? ಮಗ ಮಾತಾಡಬೇಕಲ್ಲ?"

"ನಾನೂ ಅಣ್ಣನೂ ಹೂಂ ಅನ್ನೋದು ಒಂದೇ ನಮೂನಿ ಐತ್ರಿ. ಹೂಂ ಯವ್ವ, ಲೋಡ್ ಐತಿ, ಹೋಗಿ ಬರ್ತೀನಿ ಅಂತೀನಿ. ಅಷ್ಟ."

ನಾನು ಒಪ್ಪಿದೆ. ಒಬ್ಬ ಮುದುಕಿಗೆ ಊಟ ಸೇರುತ್ತದೆ ಎಂಬುದಷ್ಟೇ ಆಗ ನನ್ನ ತಲೆಯಲ್ಲಿತ್ತು ಎಂದು ಬರೆದರೆ ಪೂರ್ತಿ ನಿಜವಾಗುವುದಿಲ್ಲ. ನಾನು ಮಾಡಿದ ತಪ್ಪನ್ನೇ ಇನ್ನೊಮ್ಮೆ, ಬೇಕೆಂದೇ, ಕರಾರುವಾಕ್ಕಾಗಿ ಮಾಡಬಲ್ಲೆನೇ ಎಂದು ನೋಡುವ ಹುಕ್ಕಿಯೂ ಇತ್ತು.

ನೆನಪಿನ ಮೇಲೆ ಕೆಲಸ ಸಾಗಲಿಲ್ಲ. ಮೊದಲ ಡಬ್ಬಿ ಸೀನಿದಂತೆ ಕೇಳಿತು. ಆಗ ಯಲ್ಲಪ್ಪ ಫೋನಿನಲ್ಲಿ ಒಂದು ಧ್ವನಿ ಸಂದೇಶ ತಂದ. ಹನಮಪ್ಪ ಗಾಡಿ ನಡೆಸುತ್ತಲೇ ಹೆಂಡತಿಗೆ ಕಳಿಸಿದ್ದು. "ತಿರುವಿಗೆ ಬಂದೇನಿ. ಹಂಚ ಇಡು." ಮಾತಿನ ಹಿಂದೆ ಧಬ್ ಧಬ್, ಆಮೇಲೆ ಬಂದ್ ಮಾಡಿದ ಉಸಿರು. ಒಂಬತ್ತು ಸೆಕೆಂಡು. ಫೋನನ್ನು ಬೆಸುಗೆಯ ಮೇಜಿನ ಮೇಲಿಟ್ಟುಕೊಂಡು ನಾಲ್ಕು ದಿನ ಅದನ್ನೇ ಕೇಳಿದೆ. ಪಕ್ಕದ ಪಂಕ್ಚರ್ ಅಂಗಡಿಯವನು ಬಂದು, "ಚಾಚಾ, ಯಾರ್ರಿ ಅವ, ಮುಂಜಾನಿಂದ ಬರಾಕ್ಹತ್ಯಾನ, ಇನ್ನೂ ಮುಟ್ಟಿಲ್ಲ?" ಎಂದ. ಐದನೆಯ ದಿನ ಡಬ್ಬಿಯ ಸದ್ದೂ ಫೋನಿನ ಸದ್ದೂ ಒಂದೇ ಆದವು. ಎಂಜಿನ್ ಬಂದ್ ಮಾಡಿದಾಗ ಯಲ್ಲಪ್ಪ ಚಾಲಕನ ಸೀಟಿನಿಂದ ಇಳಿಯಲಿಲ್ಲ. ಸ್ವಲ್ಪ ಹೊತ್ತು ಪಕ್ಕದ ಸೀಟು ನೋಡುತ್ತ ಕುಳಿತಿದ್ದ.

ಅದೇ ಸಂಜೆ ಫೋನ್ ಮಾಡಿದ. "ಉಂಡ್ಳ್ರಿ" ಎಂದಷ್ಟೇ ಹೇಳಿದ.

ಜೂನ್ ಮೊದಲ ವಾರದಲ್ಲಿ ಒಂದು ಮುಂಜಾನೆ ಅಂಗಡಿಯ ಮುಂದೆ ಒಬ್ಬ ಹೆಣ್ಣುಮಗಳು ಬಂದು ನಿಂತಳು. ಮೂವತ್ತರ ಆಸುಪಾಸು. ಕೈಯಲ್ಲಿ ಬಳೆ ಇರಲಿಲ್ಲ. ಒಂದು ಕರವಸ್ತ್ರದ ಗಂಟು ಹಿಡಿದಿದ್ದಳು.

"ಸೈಲೆನ್ಸರ್ ಮಿಸ್ತ್ರಿಯವರು ನೀವೇನ್ರಿ?"

"ಹೌದವ್ವ. ಕುಂದರು."

ಕುಳಿತುಕೊಳ್ಳಲಿಲ್ಲ. "ನಾನು ಹನಮಪ್ಪನ ಹೇಣ್ತಿ, ಕಸ್ತೂರಿ. ಆ ಸದ್ದ ತಗೀರಿ."

ಅವಳು ಕರವಸ್ತ್ರ ಬಿಚ್ಚಿದಳು. ಒಳಗೆ ಹಸಿರು ಗಾಜಿನ ಬಳೆಗಳಿದ್ದವು.

"ಬಸ್ಸಿನ್ಯಾಗ ತಗೀತೀನಿ, ತಿರಿಗಿ ಬಸ್ಸಿನ್ಯಾಗ ಹಾಕ್ಕೊಂತೀನಿ. ಅತ್ತಿಗೆ ಕಣ್ಣಿಲ್ಲ, ಕಿವಿ ಅದಾವು. ಬಳಿ ಸದ್ದ ನಿಂತ್ರ ತಿಳೀತೈತಿ ಅಂತ ಯಲ್ಲಪ್ಪ ತಗೀಗೊಡವಲ್ಲ. ಬಳಿ ಇಟ್ಕೊಂಡು ಮೂರ ತಿಂಗಳಾತು. ನಮ್ಮಣ್ಣ ತವರಿಗೆ ಕರಿಯಾಕ ಬಂದಿದ್ದ, ಹೋಗಾಕಾಗಲಿಲ್ಲ. ಅತ್ತು ಬಿಡಾಕ ಮನ್ಯಾಗ ಒಂದ ಮೂಲಿ ಇಲ್ಲ."

"ಬಳೀದು ಬ್ಯಾರೆ ಮಾತವ್ವ. ಗಾಡಿ ಸದ್ದಿನಿಂದ ನಿನಗೇನು..."

"ದಿನಾ ಸಂಜಿ ಅವರು ಬರ್ತಾರ್ರಿ. ಅಂಗಳದಾಗ ನಿಂದರ್ತಾರ. ಇಳಿಯಂಗಿಲ್ಲ."

"ಅದು ಯಲ್ಲಪ್ಪ ಅಲ್ಲೇನವ್ವಾ?"

"ನನಗ ಗೊತ್ತೈತ್ರಿ. ನನ್ನ ಕೈಗೆ ಗೊತ್ತಿಲ್ಲ. ಸದ್ದ ಕೇಳಿದ ಕೂಡ್ಲೆ ಅದು ಹಂಚ ಇಡತೈತಿ. ಮೂರ ರೊಟ್ಟಿ ಹೆಚ್ಚಿಗಿ ಬಡೀತೈತಿ." ಆಮೇಲೆ, "ನನ್ನ ಫೋನಿನ್ಯಾಗಿನ ಮಾತ ಕೇಳಿ ಮಾಡೀರಂತ. ನನ್ನ ಒಂದ ಮಾತ ಕೇಳಬಾರದಿತ್ತೇನ್ರಿ?" ಎಂದಳು.

ಕೇಳಬೇಕಾಗಿತ್ತು. ಮನೆಯಲ್ಲಿ ಸದ್ದು ಕೇಳುವವರು ಯಾರು ಎಂದು ಎಲ್ಲರನ್ನೂ ಕೇಳುತ್ತಿದ್ದ ನಾನು ಈ ಒಂದು ಸಲ ಕೇಳಿರಲಿಲ್ಲ. ಹಾಗೆಂದು ಅವಳಿಗೆ ಹೇಳಿದೆ. ಅವಳು ಬಳೆಗಳನ್ನು ಮತ್ತೆ ಗಂಟು ಕಟ್ಟಿಕೊಂಡು ಬಸ್ಸಿಗೆ ಹೋದಳು.

ಯಲ್ಲಪ್ಪನಿಗೆ ಫೋನ್ ಮಾಡಿ, ಸೈಲೆನ್ಸರ್ ಬಿಚ್ಚುತ್ತೇನೆ, ಗಾಡಿ ತಾ ಎಂದೆ. ಸಿಟ್ಟಿಗೆದ್ದ.

"ಅವ್ವ ಸತ್ರ ನೀವು ಜವಾಬ್ದಾರಿ ತಗೋತೀರೇನ್ರಿ?"

"ಇಲ್ಲಪ್ಪ. ನಾ ಮಾಡಿದ ಸದ್ದಿಗಷ್ಟ ನಾ ಜವಾಬ್ದಾರಿ."

"ವೈನಿ ಬಂದು ಅತ್ತಳೇನು ನಿಮ್ಮ ಮುಂದ?"

"ಅಳಲಿಲ್ಲ. ಅಳಾಕ ಜಾಗಾ ಇಲ್ಲ ಅಂದಳು."

ಫೋನ್ ಇಟ್ಟ. ಎರಡು ವಾರ ಅವನು ಬರಲಿಲ್ಲ. ಜೂನ್ 21ರ ಮುಂಜಾನೆ ಗಾಡಿ ತಂದ. ನಿಂತುಕೊಂಡೇ ಚಹಾ ಕುಡಿದು, "ಒಂದ ಕರಾರು. ಇವತ್ತ ಸಂಜಿ ಅವ್ವಗ ಹೇಳೂದು. ನೀವು ಬಾಜೂಕ ಇರಬೇಕು. ನನಗ ಬಾಯಿ ಬರಂಗಿಲ್ಲ" ಎಂದ. ಒಪ್ಪಿದೆ. ಮಧ್ಯಾಹ್ನದೊಳಗೆ ಸೈಲೆನ್ಸರನ್ನು ಬಿಚ್ಚಿ ಮೇಜಿನ ಮೇಲಿಟ್ಟೆ. ಬದಲಿ ಡಬ್ಬಿ ಹುಬ್ಬಳ್ಳಿಯಿಂದ ಮರುದಿನ ಬರಬೇಕಿತ್ತು. ಗಾಡಿಯನ್ನು ಒಳಗೆ ದೂಡಿ, ಶಟರ್ ಎಳೆದು ಕೀಲಿ ಹಾಕಿದೆ. ನಾವಿಬ್ಬರೂ ಬಸ್ಸಿನಲ್ಲಿ ನರಗುಂದಕ್ಕೆ, ಅಲ್ಲಿಂದ ಶಿರೋಳಕ್ಕೆ ಹೋದೆವು. ಐದೂವರೆಗೆ ಮನೆ ಮುಟ್ಟಿದೆವು.

ಇನ್ನು ಬರೆಯುವುದು ನಾನೇ ಕಂಡದ್ದು, ನಾನೇ ಕೇಳಿದ್ದು.

ಹೊತ್ತು ಮುಳುಗಿರಲಿಲ್ಲ. ಒಳ್ಳೆಯ ಬೆಳಕಿತ್ತು. ಹಿಂದಿನ ದಿನ ಮಳೆಯಾಗಿ ಅಂಗಳದ ಎರೆಮಣ್ಣು ಹಸಿಯಾಗಿತ್ತು. ಹಿಂದಿನ ಸಂಜೆ ಯಲ್ಲಪ್ಪ ನಿಲ್ಲಿಸಿದ್ದ ಗಾಡಿಯ ಗಾಲಿಗುರುತುಗಳಲ್ಲಿ ನೀರು ನಿಂತಿತ್ತು. ನೀಲವ್ವ ಜಗಲಿಕಟ್ಟೆಯ ಮೇಲೆ ಗೋಡೆಗೆ ಒರಗಿದ್ದಳು. ನನ್ನನ್ನು ಧ್ವನಿಯಿಂದಲೇ ಗುರುತಿಸಿ, "ಏನೋ ಸಾಬಾ, ಶಿರೋಳದ ದಾರಿ ನೆಪ್ಪಾತೇನು?" ಎಂದಳು. ಕಸ್ತೂರಿ ಬಾಗಿಲಿನಲ್ಲಿ ನಿಂತಿದ್ದಳು. ಕೈತುಂಬ ಬಳೆ. ಯಲ್ಲಪ್ಪ ನನ್ನ ಪಕ್ಕದಲ್ಲಿದ್ದ. ಅವನ ಫೋನು ನಮ್ಮಿಬ್ಬರ ನಡುವೆ ಕಟ್ಟೆಯ ಮೇಲಿತ್ತು, ಪರದೆ ಆರಿತ್ತು. ಅವನು ಮಾತು ತೆಗೆಯಲು ಎರಡು ಸಲ ಗಂಟಲು ಸರಿಮಾಡಿಕೊಂಡ. ನಾನು ಕೈಗಡಿಯಾರ ನೋಡಿದೆ. ಆರು ಗಂಟೆ ಎಂಟು ನಿಮಿಷ.

ತಿರುವಿನ ಕಡೆಯಿಂದ ಗಾಡಿ ಬರುವ ಸದ್ದು ಕೇಳಿತು. ಎರಡನೇ ಗೇರಿಗೆ ಇಳಿಯಿತು. ಧಬ್ ಧಬ್ ಎಂದಿತು. ಅಂಗಳದಲ್ಲಿ ಕಾಳು ಹೆಕ್ಕುತ್ತಿದ್ದ ಕೋಳಿಗಳು ಎರಡೂ ಬದಿಗೆ ಸರಿದವು. ನಡುವೆ ಒಂದು ಗಾಡಿಯಷ್ಟು ಅಗಲ ಜಾಗ ತೆರವಾಯಿತು. ಸದ್ದು ಆ ಜಾಗಕ್ಕೆ ಬಂದು ನಿಂತಿತು. ಗಾಳಿ ಇರಲಿಲ್ಲ. ಗಾಲಿಗುರುತಿನಲ್ಲಿ ನಿಂತ ನೀರು ಅಲುಗುತ್ತಿತ್ತು. ಸುಮಾರು ಅರ್ಧ ನಿಮಿಷದ ಮೇಲೆ ಸದ್ದು ಬಂದ್ ಆಗಿ, ಆ ಉದ್ದ ಉಸಿರು ಕೇಳಿತು. ನೀರು ನಿಶ್ಚಲವಾಯಿತು. ಆಮೇಲೆ ನಾನು ಮಾಡದ ಇನ್ನೊಂದು ಸದ್ದು ಬಂತು: ಗಾಡಿಯ ಬಾಗಿಲು ತೆರೆದು ಮುಚ್ಚಿದ್ದು.

ಯಲ್ಲಪ್ಪ ನನ್ನ ತೋಳು ಹಿಡಿದಿದ್ದ. ಬೆರಳಿನ ಗುರುತು ಮರುದಿನವೂ ಇತ್ತು.

ನೀಲವ್ವ ತಲೆ ಎತ್ತಿದಳು. "ಇವತ್ತ ಇಳದ" ಎಂದಳು. "ಏ ಕಸ್ತೂರಿ, ಇವತ್ತ ಇಳದ ನೋಡು. ಹಂಚ ಇಡು."

ಕಸ್ತೂರಿ ಒಳಗೆ ಹೋಗಲಿಲ್ಲ. ಅಂಗಳದಲ್ಲಿ ತೆರವಾಗಿದ್ದ ಜಾಗವನ್ನೇ ನೋಡುತ್ತ ಮುಂದೆ ಬಂದು ಅತ್ತೆಯ ಪಕ್ಕ ಕುಳಿತಳು. ಬಲಗೈಯಿಂದ ಒಂದು ಬಳೆ ತೆಗೆದು ಕಟ್ಟೆಯ ಕಲ್ಲಿನ ಮೇಲಿಟ್ಟಳು. ಅದು ಸಣ್ಣಗೆ ಸದ್ದು ಮಾಡಿತು. ಇನ್ನೊಂದು ತೆಗೆದಿಟ್ಟಳು. ಮೂರನೆಯದಕ್ಕೆ ನೀಲವ್ವನ ಮುಖ ಆ ಕಡೆ ತಿರುಗಿತು. ಕಸ್ತೂರಿ ಅವಸರ ಮಾಡಲಿಲ್ಲ, ನಿಲ್ಲಿಸಲೂ ಇಲ್ಲ. ಬಲಗೈ ಮುಗಿಸಿ ಎಡಗೈಯದನ್ನೂ ಒಂದೊಂದಾಗಿ ಇಟ್ಟಳು. ಕೊನೆಯದನ್ನು ಇಟ್ಟ ಮೇಲೆ ಅಂಗಳದಲ್ಲಿ ಏನೂ ಕೇಳುತ್ತಿರಲಿಲ್ಲ.

ನೀಲವ್ವ ಕೈ ಚಾಚಿ ಕಲ್ಲಿನ ಮೇಲಿದ್ದ ಬಳೆಗಳನ್ನು ಮುಟ್ಟಿದಳು. ಆಮೇಲೆ ಸೊಸೆಯ ಬರಿ ಮಣಿಕಟ್ಟು ಹಿಡಿದಳು.

"ಎಂದು?" ಎಂದಳು.

"ಯುಗಾದಿಗಿಂತ ಮೊದಲ್ರಿ ಅತ್ತಿ" ಎಂದಳು ಕಸ್ತೂರಿ.

"ಎಲ್ಲಿ ಮಣ್ಣ ಮಾಡೀರಿ?"

"ಹೊಲದಾಗ. ಮಾವನವರ ಬಾಜೂಕ."

ನೀಲವ್ವ ತಲೆಯಾಡಿಸಿದಳು. ಮಣಿಕಟ್ಟು ಬಿಡಲಿಲ್ಲ. ಕಸ್ತೂರಿ ಆಗ ಅತ್ತೆಯ ತೊಡೆಗೆ ಮುಖವಿಟ್ಟು ಅಳತೊಡಗಿದಳು. ಯಲ್ಲಪ್ಪ ಮತ್ತು ನಾನು ಎದ್ದು ಓಣಿಗೆ ಬಂದೆವು.

ತಿರುವಿನ ಚಹಾದಂಗಡಿಯಲ್ಲಿ ಮೂವರು ಕುಳಿತಿದ್ದರು. ಈಗ ಯಾವುದಾದರೂ ಗಾಡಿ ಒಳಗೆ ಹೋಯಿತೇ ಎಂದು ಕೇಳಿದೆ. ಅವರಲ್ಲಿ ಒಬ್ಬರು, "ಯಲ್ಲಪ್ಪನ ಗಾಡಿ ಹೋತಲ್ಲರಿ ಈಗಷ್ಟ" ಎಂದು ಹೇಳಿ, ನನ್ನ ಹಿಂದೆ ನಡೆದು ಬರುತ್ತಿದ್ದ ಯಲ್ಲಪ್ಪನನ್ನು ಕಂಡು ಚಹಾದ ಲೋಟ ಕೆಳಗಿಟ್ಟರು. ಗಾಡಿಯನ್ನು ಕಣ್ಣಾರೆ ಕಂಡಿರಾ ಎಂದು ಕೇಳಿದೆ. ಸದ್ದು ಕೇಳಿತು, ತಲೆ ಎತ್ತಲಿಲ್ಲ ಎಂದರು. ಅಂಗಳದಲ್ಲಿ ಹೊಸ ಗಾಲಿಗುರುತು ಇರಲಿಲ್ಲ. ಇದನ್ನು ಬೆಳಕಿರುವಾಗಲೇ ಎರಡು ಸಲ ನೋಡಿದ್ದೇನೆ.

ಮರುದಿನ ರೋಣದಲ್ಲಿ ಶಟರ್ ತೆರೆದಾಗ ಗಾಡಿ ಇಟ್ಟ ಕಡೆಯೇ ಇತ್ತು. ಸೈಲೆನ್ಸರ್ ಮೇಜಿನ ಮೇಲಿತ್ತು, ತಣ್ಣಗಿತ್ತು. ಗುಜರಿಗೂ ಹೋದೆ. ಹನಮಪ್ಪನ ಗಾಡಿಯ ಚಪ್ಪಟೆಯಾದ ಡಬ್ಬಿ ತಗಡಿನ ರಾಶಿಯಲ್ಲಿ ಇನ್ನೂ ಬಿದ್ದಿತ್ತು. ಆ ಸದ್ದು ಬರುವ ಡಬ್ಬಿ ನಾನು ಮಾಡಿದ್ದು ಈ ಎರಡೇ. ಮೇಜಿನ ಮೇಲಿದ್ದುದನ್ನು ಅಂದೇ ಎರಡು ಹೋಳು ಮಾಡಿದೆ.

ಹೊಗೆಯಿಂದ ಇಲ್ಲದ್ದು ಕಾಣುತ್ತದೆ, ಕೇಳುತ್ತದೆ ಎಂದು ಮೇಲೆ ಬರೆದಿದ್ದೇನೆ. ಆ ಸಂಜೆ ಅಂಗಳದಲ್ಲಿ ಹೊಗೆ ಇರಲಿಲ್ಲ. ಒಲೆಯನ್ನೂ ಹಚ್ಚಿರಲಿಲ್ಲ. ಇದಕ್ಕಿಂತ ಹೆಚ್ಚು ನನಗೆ ತಿಳಿಯದು. ಈ ಕೆಲಸಕ್ಕೆ ಬರುವವರಿಗೆ ಹೇಳುವುದಿಷ್ಟೆ: ಗಿರಾಕಿ ಒಬ್ಬನೇ ಬಂದು ಸದ್ದು ಆರಿಸಿದರೆ ಆ ಕೆಲಸ ತಕ್ಷಣ ಹಿಡಿಯಬೇಡಿ. ಆ ಸದ್ದಿನ ಜೊತೆ ಬಾಳುವವರನ್ನೂ ಒಂದು ಮಾತು ಕೇಳಿ.

ನೀಲವ್ವ ಮೂರನೆಯ ದಿನ ಊಟ ಮಾಡಿದಳು. ಮಗನನ್ನು ಮಣ್ಣು ಮಾಡಿದ ಜಾಗಕ್ಕೆ ಎತ್ತಿನ ಬಂಡಿಯಲ್ಲಿ ಹೋಗಿ ಬಂದಳು. ಮರುವರ್ಷ ಶ್ರಾವಣದವರೆಗೆ ಬದುಕಿದ್ದಳು. ಕಸ್ತೂರಿ ತವರಿಗೆ ಹೋಗಿ ಆರು ತಿಂಗಳಿದ್ದು, ತಾನಾಗಿಯೇ ಶಿರೋಳಕ್ಕೆ ತಿರುಗಿ ಬಂದಳು. ಹೊಲದಲ್ಲಿ ಅವಳ ಪಾಲು ಅವಳ ಹೆಸರಿಗೆ ಆಗಿದೆ. ಯಲ್ಲಪ್ಪನಿಗೆ ಮದುವೆಯಾಗಿದೆ. ಅವನ ಪಿಕಪ್ಪಿಗೆ ಕಂಪನಿಯ ಸೈಲೆನ್ಸರ್ ಇದೆ. ಅವನು ಅದನ್ನು ಅಂಗಳಕ್ಕೆ ತರದೆ ತಿರುವಿನಲ್ಲೇ ನಿಲ್ಲಿಸಿ ನಡೆದು ಬರುತ್ತಾನೆ.

ಕಳೆದ ತಿಂಗಳು ಅವನು ಫೋನ್ ಮಾಡಿದಾಗ ಮನೆಯ ಕಡೆ ಹೇಗಿದೆ ಎಂದು ಕೇಳಿದೆ. ಎಲ್ಲ ಚಲೋ ಎಂದ. ಸಂಜೆ ಆರಾದರೆ ಕಸ್ತೂರಿ ವೈನಿ ಮುಂಬಾಗಿಲು ಮುಚ್ಚುತ್ತಾಳೆ, ಆರು ಗಂಟೆ ಹತ್ತು ನಿಮಿಷ ದಾಟಿದ ಮೇಲೆ ತಾನೇ ತೆಗೆಯುತ್ತಾಳೆ ಎಂದ.